ತುಟಿಗಿಂತ ಮೊದಲು ಗದ್ದವನ್ನು ನೋಡಿ

ಸೀಳುತುಟಿಯ ಮಗು ಹುಟ್ಟಿದಾಗ ಹೆರಿಗೆ ಕೋಣೆಯಲ್ಲಿರುವ ಎಲ್ಲರ ಕಣ್ಣೂ ತುಟಿಯ ಮೇಲೆಯೇ ನಿಲ್ಲುತ್ತದೆ. ಹೊರಗೆ ಕಾದಿದ್ದ ಅಜ್ಜಿ ಮಗುವಿನ ಮುಖ ಕಂಡೊಡನೆ ಸೆರಗನ್ನು ಬಾಯಿಗಿಟ್ಟುಕೊಳ್ಳುತ್ತಾರೆ. ತಂದೆ ಕೇಳುವ ಮೊದಲ ಪ್ರಶ್ನೆ ‘ಇದನ್ನು ಯಾವಾಗ ಹೊಲಿಯುತ್ತಾರೆ’ ಎಂಬುದೇ ಆಗಿರುತ್ತದೆ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ದಾದಿಯಾಗಿ ಬಹುಕಾಲ ಕೆಲಸ ಮಾಡಿದ ನನಗೆ ಆ ಪ್ರಶ್ನೆಯ ಹಿಂದಿನ ಸಂಕಟ ಅರ್ಥವಾಗುತ್ತದೆ. ಆದರೆ ಕಣ್ಣಿಗೆ ಕಾಣುವ ಆ ಸೀಳು ಮಗುವಿನ ಜೀವಕ್ಕೆ ಕುತ್ತು ತರುವುದು ತೀರ ಅಪರೂಪ. ಕುತ್ತು ತರಬಲ್ಲದ್ದು ಕಣ್ಣಿಗೆ ಬೀಳದ ಕಡೆ ಇರುತ್ತದೆ: ಬಾಯಿಯ ಮೇಲ್ಭಾಗದ ಅಂಗುಳದಲ್ಲಿ, ನಾಲಗೆಯ ಬುಡದಲ್ಲಿ, ಒಳಕ್ಕೆ ಸರಿದ ಪುಟ್ಟ ಗದ್ದದಲ್ಲಿ. ಮೊದಲ ವಾರಗಳಲ್ಲಿ ನಾವು ನೋಡಬೇಕಾದದ್ದು ಮಗುವಿನ ಉಸಿರನ್ನು. ಅಂದಚೆಂದದ ಮಾತಿಗೆ ಆಮೇಲೆ ಬೇಕಾದಷ್ಟು ಸಮಯವಿದೆ.

ಜಗತ್ತಿನಲ್ಲಿ ಸರಿಸುಮಾರು 700 ಮಕ್ಕಳಿಗೆ ಒಂದು ಮಗು ಸೀಳುತುಟಿ ಅಥವಾ ಸೀಳು ಅಂಗುಳದೊಂದಿಗೆ ಹುಟ್ಟುತ್ತದೆ. ಗರ್ಭ ನಿಂತ ನಾಲ್ಕನೆಯ ವಾರದಿಂದ ಏಳನೆಯ ವಾರದೊಳಗೆ ತುಟಿ ಕೂಡಿಕೊಳ್ಳಬೇಕು, ಅದರ ಬೆನ್ನಿಗೇ ಅಂಗುಳ ಕೂಡಿಕೊಳ್ಳಬೇಕು. ಅಂದರೆ ಎಷ್ಟೋ ತಾಯಂದಿರಿಗೆ ತಾವು ಬಸುರಿ ಎಂದು ಖಾತ್ರಿಯಾಗುವ ಹೊತ್ತಿಗೆ ಮಗುವಿನ ತುಟಿಯ ವಿಷಯ ಬಹುತೇಕ ತೀರ್ಮಾನವಾಗಿ ಹೋಗಿರುತ್ತದೆ. ಗ್ರಹಣದ ದಿನ ಹೊರಗೆ ಬಂದದ್ದು, ಕತ್ತಿಯಲ್ಲಿ ತರಕಾರಿ ಹೆಚ್ಚಿದ್ದು ಇದಕ್ಕೆ ಕಾರಣವೆಂದು ಬಾಣಂತಿಯನ್ನು ದೂರುವವರು ನಮ್ಮ ಜಿಲ್ಲೆಗಳಲ್ಲಿ ಈಗಲೂ ಇದ್ದಾರೆ. ಆ ಮಾತಿನಲ್ಲಿ ಎಳ್ಳಷ್ಟೂ ಸತ್ಯವಿಲ್ಲ ಎಂಬುದನ್ನು ಮಾತ್ರ ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ.

ತುಟಿ ಮಾತ್ರ ಸೀಳಿರುವ ಮಗು ಸಾಮಾನ್ಯವಾಗಿ ಚೆನ್ನಾಗಿಯೇ ಉಸಿರಾಡುತ್ತದೆ. ಸೀಳಿರುವ ಬದಿಯ ಮೂಗಿನ ಹೊಳ್ಳೆ ಚಪ್ಪಟೆಯಾಗಿರುವುದರಿಂದ, ಒಳಗಿನ ಗೋಡೆ ಒಂದು ಪಕ್ಕಕ್ಕೆ ವಾಲಿರುವುದರಿಂದ ಸ್ವಲ್ಪ ಸೊರಸೊರ ಸದ್ದು ಕೇಳಬಹುದು. ಲೋಳೆ ಕಟ್ಟಿಕೊಂಡಾಗ ವೈದ್ಯರು ಹೇಳಿದ ಉಪ್ಪುನೀರಿನ ಹನಿ ಹಾಕಿದರೆ ಅದು ಸರಿಹೋಗುತ್ತದೆ. ಅಂಗುಳವೂ ಸೀಳಿದ್ದರೆ ಲೆಕ್ಕ ಬೇರೆ. ಹಸುಗೂಸು ಮೊದಲ ಕೆಲವು ತಿಂಗಳು ಮುಖ್ಯವಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಅದರ ನಾಲಗೆ ಬಾಯಿಯನ್ನೆಲ್ಲ ತುಂಬಿಕೊಂಡಿರುತ್ತದೆ, ಧ್ವನಿಪೆಟ್ಟಿಗೆ ದೊಡ್ಡವರಲ್ಲಿರುವುದಕ್ಕಿಂತ ಮೇಲೆ ಇರುತ್ತದೆ, ಹೀಗಾಗಿ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರೂ ಒಂದಕ್ಕೊಂದು ಹೊಂದಿಕೊಂಡು ನಡೆಯುತ್ತವೆ. ಬಾಯಿಯನ್ನೂ ಮೂಗನ್ನೂ ಬೇರ್ಪಡಿಸುವ ಅಂಗುಳದಲ್ಲಿ ಸೀಳಿದ್ದಾಗ ಈ ಹೊಂದಾಣಿಕೆ ತಪ್ಪುತ್ತದೆ. ಮಗುವಿಗೆ ಎಳೆದು ಚೀಪುವ ಬಲ ಬರುವುದಿಲ್ಲ, ಹಾಲು ಮೂಗಿಗೆ ಏರುತ್ತದೆ, ಕೆಮ್ಮು ಬರುತ್ತದೆ, ಕೆಮ್ಮಿನ ನಡುವೆ ಎಳೆದುಕೊಂಡ ಉಸಿರಿನೊಂದಿಗೆ ಒಂದಷ್ಟು ಹಾಲು ಶ್ವಾಸಕೋಶದ ಕಡೆಗೂ ಇಳಿಯಬಹುದು.

ಇದಕ್ಕಿಂತ ಗಂಭೀರವಾದ ಸ್ಥಿತಿ ಇನ್ನೊಂದಿದೆ, ಮತ್ತು ಅದರಲ್ಲಿ ತುಟಿ ಸಾಮಾನ್ಯವಾಗಿ ಸೀಳಿರುವುದೇ ಇಲ್ಲ. ಪಿಯರ್ ರೋಬಿನ್ ಎಂಬ ಫ್ರೆಂಚ್ ವೈದ್ಯರು 1923ರಲ್ಲಿ ವಿವರಿಸಿದ ಕಾರಣ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಅಂದಾಜು 8,500ರಿಂದ 14,000 ಜನನಗಳಿಗೆ ಒಂದು ಮಗುವಿನಲ್ಲಿ ಇದು ಕಾಣಿಸುತ್ತದೆ. ಇದು ಒಂದರಿಂದ ಇನ್ನೊಂದು ಹುಟ್ಟುವ ಸರಣಿ ಎಂಬುದನ್ನು ತಿಳಿದರೆ ಮುಂದಿನ ಚಿಕಿತ್ಸೆಯೆಲ್ಲ ತಾನಾಗಿ ಅರ್ಥವಾಗುತ್ತದೆ. ಮೊದಲು ಕೆಳದವಡೆ ಸಾಕಷ್ಟು ಬೆಳೆಯುವುದಿಲ್ಲ. ದವಡೆ ಚಿಕ್ಕದಾದ್ದರಿಂದ ನಾಲಗೆಗೆ ಮುಂದೆ ಜಾಗವಿಲ್ಲದೆ ಅದು ಮೇಲಕ್ಕೂ ಹಿಂದಕ್ಕೂ ಸರಿದು ನಿಲ್ಲುತ್ತದೆ. ಅದೇ ಸಮಯದಲ್ಲಿ ಅಂಗುಳದ ಎಡಬಲದ ಹಲಗೆಗಳು ನಡುವೆ ಬಂದು ಸೇರಬೇಕು. ಎರಡು ಕದಗಳು ಮುಚ್ಚಿಕೊಳ್ಳುವ ಹೊತ್ತಿಗೆ ಯಾರೋ ಹೊಸ್ತಿಲ ಮೇಲೆಯೇ ನಿಂತುಬಿಟ್ಟಂತೆ ನಾಲಗೆ ಅಡ್ಡವಾಗುತ್ತದೆ. ಹಾಗಾಗಿ ಅಂಗುಳದಲ್ಲಿ ಅಗಲವಾದ, ಕುದುರೆ ಲಾಳದ ಆಕಾರದ ಸೀಳು ಉಳಿಯುತ್ತದೆ. ಮಗು ಹುಟ್ಟಿದ ಮೇಲೆ ಬೆನ್ನ ಮೇಲೆ ಮಲಗಿಸಿದಾಗ ಅದೇ ನಾಲಗೆ ಗಂಟಲಿನ ಹಿಂಭಾಗಕ್ಕೆ ಜಾರಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಶ್ವಾಸಕೋಶದಲ್ಲಿ ದೋಷವಿಲ್ಲ, ಹೃದಯದಲ್ಲಿಯೂ ಬಹಳ ಸಲ ದೋಷವಿರುವುದಿಲ್ಲ. ಗಾಳಿ ಒಳಗೆ ಹೋಗಲು ದಾರಿಯೇ ಇಲ್ಲದಿರುವುದು ತೊಂದರೆ.

ಹೊರಗಿನಿಂದ ನೋಡುವವರಿಗೆ ಇಂಥ ಮಗು ಮುದ್ದಾಗಿಯೇ ಕಾಣುತ್ತದೆ. ತುಟಿ ಸರಿಯಾಗಿರುತ್ತದೆ, ಬಾಯಿ ತೆರೆದಾಗ ಮುಂಭಾಗದ ವಸಡು ಸರಿಯಾಗಿರುತ್ತದೆ, ಸೀಳು ಹಿಂದೆ ಇರುವುದರಿಂದ ಟಾರ್ಚ್ ಬಿಟ್ಟು ನಾಲಗೆಯನ್ನು ಒತ್ತಿ ನೋಡದ ಹೊರತು ತಿಳಿಯುವುದಿಲ್ಲ. ಗರ್ಭಿಣಿಯರಿಗೆ 18ರಿಂದ 22ನೆಯ ವಾರದ ನಡುವೆ ಮಾಡುವ ಸ್ಕ್ಯಾನಿನಲ್ಲಿ ಸೀಳುತುಟಿ ಸಿಕ್ಕಿಬೀಳುವುದುಂಟು, ಅಂಗುಳ ಮಾತ್ರ ಸೀಳಿದ್ದರೆ ಅದು ಹೆಚ್ಚಾಗಿ ಕಣ್ತಪ್ಪುತ್ತದೆ. ಆದುದರಿಂದ ಸ್ಕ್ಯಾನಿನಲ್ಲಿ ಏನೂ ಹೇಳಿರಲಿಲ್ಲ ಎಂಬ ಮಾತನ್ನು ಪುರಾವೆಯೆಂದು ನಾನು ಒಪ್ಪುವುದಿಲ್ಲ.

ಸುಳ್ಯದ ಕಡೆಯ ಒಂದು ಹೆಣ್ಣುಮಗುವಿನ ನೆನಪು ನನ್ನನ್ನು ಬಿಟ್ಟಿಲ್ಲ. ಹುಟ್ಟಿದಾಗ ತೂಕ ಚೆನ್ನಾಗಿತ್ತು, ಅತ್ತಿತ್ತು, ಎಲ್ಲವೂ ಸರಿಯಿದೆಯೆಂದು ಮನೆಗೆ ಕಳುಹಿಸಿದ್ದರು. ಬಾಯಿಯೊಳಗೆ ಬೆಳಕು ಬಿಟ್ಟು ಯಾರೂ ನೋಡಿರಲಿಲ್ಲ. ಮೂರನೆಯ ವಾರದಲ್ಲಿ ಅವಳನ್ನು ನಮ್ಮಲ್ಲಿಗೆ ತಂದಾಗ ತೂಕ ಹುಟ್ಟಿದ ದಿನಕ್ಕಿಂತಲೂ ಕಡಿಮೆಯಿತ್ತು; ಎಳೆಯ ಮಗು ಮೊದಲ ದಿನಗಳಲ್ಲಿ ಕಳೆದುಕೊಂಡ ತೂಕವನ್ನು ಎರಡು ವಾರದೊಳಗೆ ಮರಳಿ ಪಡೆಯಬೇಕೆಂಬುದು ನಮ್ಮ ಅಳತೆ. ಅಜ್ಜಿ ಹೇಳಿದರು: “ಸುರುವಿನಿಂದಲೇ ನಿದ್ದೆಯಲ್ಲಿ ಗೊರಕೆ ಉಂಟು ಸಿಸ್ಟರ್. ಅಜ್ಜನ ಹಾಗೆಯೇ ಅಂತ ನಾವೆಲ್ಲ ನಗಾಡಿದ್ದು.” ಕಂಬಳಿ ಸರಿಸಿ ನೋಡಿದಾಗ ಪ್ರತಿ ಉಸಿರಿಗೂ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿತ್ತು, ಕತ್ತಿನ ಗುಳಿ ಆಳವಾಗುತ್ತಿತ್ತು, ಹಣೆ ಬೆವರಿತ್ತು. ಅವಳನ್ನು ಕವುಚಿ ಮಲಗಿಸಿ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿದೆವು. ನಾಲಗೆ ತನ್ನ ಭಾರಕ್ಕೇ ಮುಂದಕ್ಕೆ ಬಂತು, ಸದ್ದು ಕಡಿಮೆಯಾಯಿತು, ಆಕ್ಸಿಮೀಟರಿನ ಅಂಕೆ ಮೇಲಕ್ಕೆ ಏರತೊಡಗಿತು. ಆಮೇಲೆ ವೈದ್ಯರು ಟಾರ್ಚ್ ಬಿಟ್ಟು ನೋಡಿದಾಗ ಅಂಗುಳದಲ್ಲಿ ಅಗಲವಾದ ಸೀಳು ಇತ್ತು. ಆ ಮನೆಯವರು ಮಗುವನ್ನು ಕಡೆಗಣಿಸಿದವರಲ್ಲ. ಗೊರಕೆ ಅಪಾಯದ ಗುರುತಾಗಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆದುದರಿಂದ ಬಿಡಿಸಿ ಹೇಳುತ್ತೇನೆ. ಹಸುಗೂಸು ದೊಡ್ಡವರಂತೆ ಗೊರಕೆ ಹೊಡೆಯುತ್ತಿದ್ದರೆ ಅದನ್ನು ವೈದ್ಯರಿಗೆ ತೋರಿಸಬೇಕು. ಉಸಿರೆಳೆಯುವಾಗ ಎದೆ ಒಳಕ್ಕೆ ಕುಸಿದರೆ, ಮೂಗಿನ ಹೊಳ್ಳೆಗಳು ಅರಳಿದರೆ, ನರಳಿದಂಥ ಸದ್ದು ಬಂದರೆ, ಮಗು ಶಾಂತವಾಗಿರುವಾಗ ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ತಡಮಾಡಬಾರದು. ಎಳೆಯ ಮಕ್ಕಳು ಐದಾರು ಸೆಕೆಂಡು ಉಸಿರು ನಿಲ್ಲಿಸಿ ಮತ್ತೆ ಆರಂಭಿಸುವುದು ಸಹಜ. ಆದರೆ ಆ ತಡೆ 20 ಸೆಕೆಂಡಿಗೆ ಮುಟ್ಟಿದರೆ, ಇಲ್ಲವೇ ಅದಕ್ಕಿಂತ ಮೊದಲೇ ತುಟಿ, ನಾಲಗೆ ನೀಲಿಗಟ್ಟಿದರೆ ಅದು ತುರ್ತಿನ ಸ್ಥಿತಿ. ಇನ್ನೊಂದು ಗುರುತು ಹಾಲು ಕುಡಿಯುವುದರಲ್ಲಿ ಸಿಗುತ್ತದೆ. ಒಂದು ಸಲದ ಹಾಲಿಗೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವ, ಎರಡು ಗುಟುಕಿಗೊಮ್ಮೆ ಬಿಟ್ಟು ಏದುಸಿರು ಬಿಡುವ, ಕುಡಿಯುತ್ತಲೇ ಬೆವರಿ ಸೋತು ನಿದ್ದೆಹೋಗುವ ಮಗುವನ್ನು ‘ಸೋಮಾರಿ ಮಗು’ ಎನ್ನುವವರಿದ್ದಾರೆ. ಆ ಮಗು ತನಗೆ ಸಿಕ್ಕ ಹಾಲಿನ ಬಲವನ್ನೆಲ್ಲ ಉಸಿರಾಡುವುದಕ್ಕೇ ಖರ್ಚು ಮಾಡುತ್ತಿರುತ್ತದೆ, ಅದರಿಂದಲೇ ತೂಕ ಏರುವುದಿಲ್ಲ.

ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಕಿರಿಯರಿಗೂ ಒಂದು ಮಾತು. ಇಂಥ ಮಗುವಿಗೆ ಆಮ್ಲಜನಕ ಕೊಟ್ಟ ಕೂಡಲೇ ಅಂಕೆ 95 ದಾಟಿತೆಂದು ನಿಶ್ಚಿಂತರಾಗುವುದು ತಪ್ಪು. ಆಮ್ಲಜನಕ ರಕ್ತದ ಅಂಕೆಯನ್ನು ಏರಿಸುತ್ತದೆಯೇ ಹೊರತು ಮುಚ್ಚಿದ ದಾರಿಯನ್ನು ತೆರೆಯುವುದಿಲ್ಲ. ಹೊರಗೆ ಹೋಗಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದು ಮಗು ಮಂಕಾಗುತ್ತ ಹೋಗುತ್ತದೆ. ಮಗು ಎಚ್ಚರವಿದ್ದು ಅಳುವಾಗ ಎಲ್ಲವೂ ಚೆನ್ನಾಗಿ ಕಾಣುವುದೂ ಮೋಸವೇ, ಏಕೆಂದರೆ ಅಳುವಾಗ ಬಾಯಿ ತೆರೆದಿರುತ್ತದೆ, ಗಂಟಲಿನ ಸ್ನಾಯುಗಳು ಬಿಗಿಯಾಗಿರುತ್ತವೆ. ನಿದ್ದೆಯಲ್ಲಿ, ಬೆನ್ನ ಮೇಲೆ ಮಲಗಿರುವಾಗ, ಹಾಲು ಕುಡಿಯುವಾಗ, ಈ ಮೂರೂ ಹೊತ್ತಿನಲ್ಲಿ ಆಕ್ಸಿಮೀಟರ್ ಕಟ್ಟಿ ನೋಡಿದರೆ ಮಾತ್ರ ನಿಜ ತಿಳಿಯುತ್ತದೆ.

ಕವುಚಿ ಮಲಗಿಸುವ ವಿಷಯದಲ್ಲಿ ತಾಯಂದಿರು ಗೊಂದಲಕ್ಕೆ ಬೀಳುವುದು ಸಹಜ. ಆರೋಗ್ಯವಂತ ಶಿಶುವನ್ನು ಬೆನ್ನ ಮೇಲೆಯೇ ಮಲಗಿಸಬೇಕು, ಹಾಗೆ ಮಾಡುವುದರಿಂದ ನಿದ್ದೆಯಲ್ಲಿ ಆಗುವ ಅನಿರೀಕ್ಷಿತ ಸಾವುಗಳು ಕಡಿಮೆಯಾಗುತ್ತವೆ ಎಂದು 1990ರ ದಶಕದಿಂದ ಜಗತ್ತಿನಾದ್ಯಂತ ಹೇಳುತ್ತ ಬಂದಿದ್ದಾರೆ, ಅದು ಸರಿಯಾದ ಮಾತು. ನಾಲಗೆ ಹಿಂದಕ್ಕೆ ಬೀಳುವ ಮಗುವಿಗೆ ಮಾತ್ರ ಕವುಚಿ ಅಥವಾ ಒಂದು ಮಗ್ಗುಲಲ್ಲಿ ಮಲಗಿಸುವುದೇ ಮೊದಲ ಚಿಕಿತ್ಸೆ, ಮತ್ತು ಅನೇಕ ಮಕ್ಕಳಿಗೆ ಅಷ್ಟರಿಂದಲೇ ಸಾಕಾಗುತ್ತದೆ. ಆದರೆ ಇದನ್ನು ವೈದ್ಯರು ನೋಡಿ ಹೇಳಿದ ಮೇಲೆ, ಆಸ್ಪತ್ರೆಯಲ್ಲಿ ಮಗುವಿನ ಉಸಿರನ್ನು ಅಳೆದು ಖಾತ್ರಿ ಮಾಡಿಕೊಂಡ ಮೇಲೆ, ಗಟ್ಟಿಯಾದ ಹಾಸಿಗೆಯ ಮೇಲೆ, ಕಣ್ಗಾವಲಿನಲ್ಲಿ ಮಾಡಬೇಕು. ನೆರೆಮನೆಯ ಮಗುವಿಗೆ ಹೀಗೆ ಹೇಳಿದ್ದಾರೆಂದು ಇನ್ನೊಂದು ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

ಸೀರೆಯ ಜೋಲಿಯ ಬಗೆಗೂ ಇಲ್ಲಿಯೇ ಹೇಳಬೇಕು. ಜೋಲಿಯಲ್ಲಿ ಮಗುವಿನ ಬೆನ್ನು ಬಾಗಿ ಗದ್ದ ಎದೆಗೆ ತಾಗುತ್ತದೆ. ಸಾಮಾನ್ಯ ದವಡೆಯ ಮಗುವಿಗೂ ಆ ಭಂಗಿ ಒಳ್ಳೆಯದಲ್ಲ. ಚಿಕ್ಕ ದವಡೆಯ ಮಗುವಿಗೆ ಅದು ಗಾಳಿಯ ದಾರಿಯನ್ನೇ ಮುಚ್ಚಿಬಿಡುತ್ತದೆ. ತಲೆಯ ಕೆಳಗೆ ದಿಂಬು ಕೊಡುವುದರಿಂದಲೂ, ಆಸ್ಪತ್ರೆಗೆ ಕರೆತರುವಾಗ ಚಳಿಯಾದೀತೆಂದು ಮುದುಡಿಸಿ ಶಾಲು ಸುತ್ತಿ ಮಡಿಲಲ್ಲಿಟ್ಟುಕೊಳ್ಳುವುದರಿಂದಲೂ ಆಗುವುದು ಇದೇ. ಬೈಂದೂರಿನಿಂದಲೋ ಬೆಳ್ತಂಗಡಿಯಿಂದಲೋ ಮಳೆಗಾಲದಲ್ಲಿ ಹೊರಟರೆ ದಾರಿ ಸಣ್ಣದಲ್ಲ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಬರುವವರಿಗೆ ತಿರುವುಗಳ ಕಷ್ಟ ಬೇರೆ. ಸ್ವಂತ ಕಾರು ಇದ್ದರೂ ಇಂಥ ಮಗುವನ್ನು 108ರ ಆಂಬುಲೆನ್ಸಿನಲ್ಲಿ, ಆಮ್ಲಜನಕದ ಮಟ್ಟ ತೋರಿಸುವ ಯಂತ್ರದೊಂದಿಗೆ, ಕವುಚಿದ ಅಥವಾ ಮಗ್ಗುಲ ಭಂಗಿಯಲ್ಲಿಯೇ ಸಾಗಿಸಬೇಕು. ಹೊರಡುವ ಮೊದಲು ತಲುಪಬೇಕಾದ ಆಸ್ಪತ್ರೆಗೆ ಫೋನ್ ಮಾಡಿ ‘ದವಡೆ ಚಿಕ್ಕದಿರುವ ಮಗು ಬರುತ್ತಿದೆ’ ಎಂದು ತಿಳಿಸಿದರೆ ಅಲ್ಲಿ ಅರಿವಳಿಕೆ ತಜ್ಞರು ಸಿದ್ಧರಾಗಿರುತ್ತಾರೆ, ಏಕೆಂದರೆ ಇಂಥ ಮಗುವಿನ ಶ್ವಾಸನಾಳಕ್ಕೆ ನಳಿಕೆ ಹಾಕುವುದು ಪಳಗಿದ ಕೈಗೂ ಕಷ್ಟದ ಕೆಲಸ.

ಮಲಗಿಸುವ ಭಂಗಿಯಿಂದ ಸಾಲದಿದ್ದರೆ ಮುಂದಿನದು ಮೂಗಿನ ಮೂಲಕ ಹಾಕುವ ಮೆತ್ತನೆಯ ನಳಿಕೆ. ಅದು ಒಂದು ಹೊಳ್ಳೆಯಿಂದ ಒಳಗೆ ಹೋಗಿ ನಾಲಗೆಯ ಬುಡದ ಹಿಂದೆ ನಿಲ್ಲುತ್ತದೆ, ನಾಲಗೆ ಹಿಂದಕ್ಕೆ ಬಿದ್ದರೂ ಗಾಳಿಗೆ ಒಂದು ದಾರಿ ಉಳಿಯುತ್ತದೆ. ನೋಡಲು ಅತಿ ಸಾಮಾನ್ಯವಾದ ಈ ಉಪಾಯದ ಮೇಲೆ ನನಗೆ ವಿಶೇಷ ಗೌರವವಿದೆ, ಏಕೆಂದರೆ ಇದನ್ನು ತಾಯಂದಿರು ಕಲಿಯಬಲ್ಲರು. ಲೋಳೆಯನ್ನು ಹೀರಿ ತೆಗೆಯುವುದು, ಅಂಟುಪಟ್ಟಿಯನ್ನು ಬದಲಾಯಿಸುವುದು, ನಳಿಕೆ ಹೊರಗೆ ಬಂದರೆ ಗಾಬರಿಯಾಗದೆ ಮಗುವನ್ನು ಮಗ್ಗುಲಾಗಿಸುವುದು ಇವನ್ನೆಲ್ಲ ಕಲಿತು ಮಗುವನ್ನು ಮನೆಗೆ ಕರೆದೊಯ್ದ ತಾಯಂದಿರನ್ನು ನಾನು ಕಂಡಿದ್ದೇನೆ. ಮೀನುಗಾರರ ಮನೆಯ ಸೊಸೆಯೊಬ್ಬಳು ಹತ್ತನೆಯ ತರಗತಿಯನ್ನೂ ಮುಗಿಸಿರಲಿಲ್ಲ. ನಳಿಕೆಯ ಯಾವ ಗುರುತು ಹೊಳ್ಳೆಯ ಅಂಚಿಗೆ ಬರಬೇಕೆಂಬುದನ್ನು ಅವಳು ನಮ್ಮ ಹೊಸ ದಾದಿಯರಿಗೆ ತೋರಿಸಿಕೊಡುವಷ್ಟು ನಿಪುಣೆಯಾದಳು. ಹಳ್ಳಿಯವರಿಗೆ ಇದೆಲ್ಲ ಆಗದು ಎಂದು ಮೊದಲೇ ತೀರ್ಮಾನಿಸುವವರ ಮಾತನ್ನು ನಾನು ಒಪ್ಪದಿರುವುದು ಅವಳಂಥವರನ್ನು ಕಂಡದ್ದರಿಂದ.

ಇದರಿಂದಲೂ ಆಗದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ನಾಲಗೆಯನ್ನು ಕೆಲಕಾಲ ಕೆಳತುಟಿಗೆ ಹೊಲಿದಿಡುವ ಪದ್ಧತಿ ಹಳೆಯದು. ಈಗ ಹೆಚ್ಚು ಕೇಳಿಬರುವುದು ದವಡೆಯನ್ನು ಉದ್ದ ಮಾಡುವ ಚಿಕಿತ್ಸೆ. ಮೂಳೆಯನ್ನು ಕತ್ತರಿಸಿ ನಿಧಾನವಾಗಿ ದೂರ ಸರಿಸುತ್ತ ಹೋದರೆ ನಡುವೆ ಹೊಸ ಮೂಳೆ ತುಂಬಿಕೊಳ್ಳುತ್ತದೆ ಎಂಬುದನ್ನು ಕೈಕಾಲಿನ ಮೂಳೆಗಳಲ್ಲಿ ಸಾಧಿಸಿ ತೋರಿಸಿದವರು ಸೋವಿಯತ್ ಒಕ್ಕೂಟದ ಶಸ್ತ್ರವೈದ್ಯ ಇಲಿಜರೋವ್. 1992ರಲ್ಲಿ ನ್ಯೂಯಾರ್ಕಿನ ವೈದ್ಯರು ಅದೇ ತತ್ತ್ವದಿಂದ ಮಕ್ಕಳ ಕೆಳದವಡೆಯನ್ನು ಬೆಳೆಸಿದ ವರದಿ ಪ್ರಕಟಿಸಿದರು. ದವಡೆಯ ಎರಡೂ ಬದಿಗೆ ಪುಟ್ಟ ಸಾಧನ ಕೂರಿಸಿ ದಿನಕ್ಕೆ ಒಂದೆರಡು ಮಿಲಿಮೀಟರಿನಂತೆ ತಿರುಗಿಸುತ್ತ ಹೋಗುತ್ತಾರೆ. ದವಡೆಯೊಂದಿಗೆ ನಾಲಗೆಯೂ ಮುಂದೆ ಬರುತ್ತದೆ, ಗಂಟಲು ತೆರೆಯುತ್ತದೆ. ಬೇರಾವ ದಾರಿಯೂ ಇಲ್ಲದಾಗ ಕತ್ತಿನಲ್ಲಿ ರಂಧ್ರ ಮಾಡಿ ಉಸಿರಿನ ನಳಿಕೆ ಇಡಬೇಕಾಗುತ್ತದೆ. ಯಾವ ಮಗುವಿಗೆ ಯಾವುದು ಎಂಬುದನ್ನು ಮಕ್ಕಳ ವೈದ್ಯರು, ಶಸ್ತ್ರವೈದ್ಯರು, ಕಿವಿ-ಮೂಗು-ಗಂಟಲು ತಜ್ಞರು, ಅರಿವಳಿಕೆ ತಜ್ಞರು ಒಟ್ಟಿಗೆ ಕುಳಿತು ನಿರ್ಧರಿಸಬೇಕು. ಒಬ್ಬರೇ ನಿರ್ಧರಿಸುವ ವಿಷಯ ಇದಲ್ಲ. ಕಣ್ಣಿನ ಮತ್ತು ಹೃದಯದ ಪರೀಕ್ಷೆಯನ್ನೂ ಮಾಡಿಸಬೇಕು, ಏಕೆಂದರೆ ಕೆಲವು ಮಕ್ಕಳಲ್ಲಿ ಚಿಕ್ಕ ದವಡೆ ಇನ್ನೊಂದು ಆನುವಂಶಿಕ ತೊಂದರೆಯ ಭಾಗವಾಗಿ ಬಂದಿರುತ್ತದೆ. ಬಹಳಷ್ಟು ಮಕ್ಕಳಲ್ಲಿ ಬೆಳೆಯುತ್ತ ಹೋದಂತೆ ಮೊದಲ ವರ್ಷದೊಳಗೆ ಉಸಿರಾಟ ಗಮನಾರ್ಹವಾಗಿ ಸುಧಾರಿಸುತ್ತದೆ. ಆ ಒಂದು ವರ್ಷವನ್ನು ಮಗು ಸುರಕ್ಷಿತವಾಗಿ ದಾಟಬೇಕು.

ಹಾಲಿನ ವಿಷಯಕ್ಕೆ ಬಂದರೆ, ಸೀಳು ಅಂಗುಳದ ಮಗುವಿಗೆ ತಾಯಿಯ ಹಾಲೇ ಉತ್ತಮ, ಆದರೆ ನೇರವಾಗಿ ಮೊಲೆಯಿಂದ ಚೀಪಿ ಸಾಕಷ್ಟು ಕುಡಿಯಲು ಅದಕ್ಕೆ ಆಗುವುದಿಲ್ಲ. ಹಿಂಡಿ ತೆಗೆದ ಹಾಲನ್ನು ಚಮಚದಲ್ಲಿಯೋ, ಆಸ್ಪತ್ರೆಗಳಲ್ಲಿ ಪಾಲಡೆ ಎಂದು ಕರೆಯುವ, ಹಿಂದಿನ ಮನೆಗಳಲ್ಲಿ ಒಳಲೆಯೆಂದಿದ್ದ ಮೂತಿಯಿರುವ ಬಟ್ಟಲಿನಲ್ಲಿಯೋ ಕೊಡಬಹುದು. ಮೆಲ್ಲಗೆ ಒತ್ತಬಹುದಾದ ಮೆತ್ತನೆಯ ವಿಶೇಷ ಬಾಟಲಿಗಳೂ ಇವೆ. ಮಗುವಿನ ತಲೆಯನ್ನು ಎತ್ತಿ ಹಿಡಿದು, ಸ್ವಲ್ಪ ಸ್ವಲ್ಪವೇ ಕೊಟ್ಟು, ನಡುನಡುವೆ ತೇಗಿಸಬೇಕು. ಉಸಿರಾಟ ತೀರ ಕಷ್ಟವಾಗಿದ್ದರೆ ಬಾಯಿಂದ ಹಾಲು ಕೊಡುವುದನ್ನು ನಿಲ್ಲಿಸಿ ಹೊಟ್ಟೆಗೆ ನಳಿಕೆ ಹಾಕಿ ಕೊಡುತ್ತಾರೆ. ನಳಿಕೆ ಕಂಡು ತಾಯಂದಿರು ಅಳುತ್ತಾರೆ, ಅದನ್ನು ಸೋಲೆಂದು ತಿಳಿಯುತ್ತಾರೆ. ಆ ಮಗುವಿಗೆ ಅದು ವಿಶ್ರಾಂತಿ.

ನಮ್ಮ ಕರಾವಳಿಯ ಬಾಣಂತನದ ಬಗೆಗೆ ನನಗೆ ಪ್ರೀತಿಯಿದೆ. ಆ ಆರೈಕೆಯಲ್ಲಿ ಹೆಣ್ಣುಮಕ್ಕಳಿಗೆ ಸಿಗುವ ವಿರಾಮ ಬೇರೆಲ್ಲಿಯೂ ಸಿಗದು. ಆದರೂ ಇಂಥ ಮಗುವಿರುವ ಕೋಣೆಯಲ್ಲಿ ಕೆಲವನ್ನು ಕೈಬಿಡಲೇಬೇಕು. ಮೀಯಿಸಿದ ಮೇಲೆ ಮಗುವಿಗೆ ಧೂಪದ ಹೊಗೆ ಹಿಡಿಯುವುದು ಬೇಡ. ಮೂಗಿಗೆ, ಗಂಟಲಿಗೆ ಎಣ್ಣೆ ಬಿಡುವುದು ಖಂಡಿತ ಬೇಡ. ಅಂಗುಳವಿಲ್ಲದ ಬಾಯಿಯಿಂದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದರಿಂದ ಬರುವ ನ್ಯುಮೋನಿಯಾ ಹಟಮಾರಿಯಾದದ್ದು. ಗದ್ದ ಚಿಕ್ಕದೆಂದು ಅದನ್ನು ದಿನವೂ ಎಳೆದು ನೀವುವುದರಿಂದ ದವಡೆ ಬೆಳೆಯುವುದಿಲ್ಲ. ಮೀಯಿಸಲು ಬರುವ ಹಿರಿಯ ಹೆಂಗಸಿಗೆ ಇದನ್ನು ಗೌರವದಿಂದ ವಿವರಿಸಿದರೆ ಅವರು ಕೇಳುತ್ತಾರೆ. ಎಷ್ಟೋ ಸಲ ಮಗುವಿನ ಎದೆ ಕುಸಿಯುವುದನ್ನು ಮೊದಲು ಗುರುತಿಸಿ ‘ಒಮ್ಮೆ ಡಾಕ್ಟ್ರಿಗೆ ತೋರಿಸಿ’ ಎಂದವರು ಅವರೇ.

ವ್ಯವಸ್ಥೆ ಇಲ್ಲವೆಂದು ಹೇಳುವಂತಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ ಮತ್ತು ಸೀಳು ಅಂಗುಳ ಸೇರಿವೆ, ಚಿಕಿತ್ಸೆ ಉಚಿತ. ದೇರಳಕಟ್ಟೆಯಲ್ಲಿ, ಮಣಿಪಾಲದಲ್ಲಿ ಸೀಳುತುಟಿ ಮತ್ತು ಮುಖದ ಮೂಳೆಗಳ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ತಂಡಗಳಿವೆ. ಸ್ಮೈಲ್ ಟ್ರೈನ್‌ನಂಥ ಸಂಸ್ಥೆಗಳು ಶಸ್ತ್ರಚಿಕಿತ್ಸೆಯ ವೆಚ್ಚ ಭರಿಸುತ್ತವೆ. ಇಷ್ಟೆಲ್ಲ ಇದ್ದೂ ಕೊರತೆ ಉಳಿದಿರುವುದು ಹುಟ್ಟಿದ ದಿನಕ್ಕೂ ಈ ತಂಡಗಳನ್ನು ತಲುಪುವ ದಿನಕ್ಕೂ ನಡುವೆ. ತುಟಿಯ ಶಸ್ತ್ರಚಿಕಿತ್ಸೆಗೆ ಮೂರು ತಿಂಗಳಾಗಲಿ, ಐದು ಕಿಲೋದಷ್ಟು ತೂಕ ಬರಲಿ ಎಂದು ಹೇಳಿ ಕಳುಹಿಸುವಾಗ, ಆ ಮೂರು ತಿಂಗಳಲ್ಲಿ ಉಸಿರನ್ನು ಯಾರು ನೋಡುತ್ತಾರೆ ಎಂಬುದನ್ನು ಹೇಳುವವರಿಲ್ಲ. ನೋಡಬಲ್ಲವರು ನಮ್ಮ ಆಶಾ ಕಾರ್ಯಕರ್ತೆಯರು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಅವರು 3, 7, 14, 21, 28 ಮತ್ತು 42ನೆಯ ದಿನ ಭೇಟಿ ಕೊಡಬೇಕು. ತೂಕ ನೋಡುವುದು, ಉಸಿರು ಎಣಿಸುವುದು ಅವರಿಗೆ ಗೊತ್ತು. ಅಂಗುಳ ಸೀಳಿರುವ ಅಥವಾ ಗದ್ದ ಚಿಕ್ಕದಿರುವ ಮಗು ಎಂದು ತಾಯಿ ಕಾರ್ಡಿನಲ್ಲಿ ಕನ್ನಡದಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟರೆ, ನಿದ್ದೆಯಲ್ಲಿರುವ ಮಗುವನ್ನು ಒಂದು ನಿಮಿಷ ನೋಡಿ ಬನ್ನಿ ಎಂದು ಆಕೆಗೆ ತಿಳಿಸಿದರೆ ಸಾಕು. ಟಾರ್ಚ್ ಬಿಟ್ಟು ಅಂಗುಳ ನೋಡದೆ, ಪಕ್ಕದಿಂದ ಗದ್ದ ನೋಡದೆ ಯಾವ ಮಗುವನ್ನೂ ಹೆರಿಗೆ ಆಸ್ಪತ್ರೆಯಿಂದ ಮನೆಗೆ ಕಳುಹಿಸಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅದಕ್ಕೆ ಹಣ ಬೇಡ, ಯಂತ್ರ ಬೇಡ.

ಕೊನೆಯದಾಗಿ ಅಂಗುಳದ ಶಸ್ತ್ರಚಿಕಿತ್ಸೆಯ ವಿಷಯ. ಸಾಮಾನ್ಯವಾಗಿ ಒಂಬತ್ತರಿಂದ ಹದಿನೆಂಟು ತಿಂಗಳ ನಡುವೆ ಅದನ್ನು ಮಾಡುತ್ತಾರೆ. ಅಷ್ಟು ದಿನ ತೆರೆದ ಸೀಳಿನ ಮೂಲಕ ಒಂದಷ್ಟು ಗಾಳಿ ಓಡಾಡಿಕೊಂಡಿದ್ದ ಮಗುವಿಗೆ ಅಂಗುಳ ಮುಚ್ಚಿದ ರಾತ್ರಿ ಇದ್ದಕ್ಕಿದ್ದಂತೆ ದಾರಿ ಕಿರಿದಾಗುತ್ತದೆ, ನಾಲಗೆಯೂ ಊದಿಕೊಂಡಿರಬಹುದು. ಆದ್ದರಿಂದ ಮಗು ಮೊದಲ ತಿಂಗಳುಗಳಲ್ಲಿ ಕವುಚಿ ಮಲಗುತ್ತಿತ್ತು, ಮೂಗಿನಲ್ಲಿ ನಳಿಕೆ ಇತ್ತು, ಈಗಲೂ ನಿದ್ದೆಯಲ್ಲಿ ಗೊರಕೆ ಹೊಡೆಯುತ್ತದೆ ಎಂಬುದನ್ನು ತಾಯಿ ಶಸ್ತ್ರವೈದ್ಯರಿಗೂ ಅರಿವಳಿಕೆ ಕೊಡುವವರಿಗೂ ಕೇಳದಿದ್ದರೂ ಹೇಳಬೇಕು. ಹಳೆಯ ಡಿಸ್ಚಾರ್ಜ್ ಚೀಟಿ ಕೈಯಲ್ಲಿರಬೇಕು. ಅಂಥ ಮಗುವಿಗೆ ಶಸ್ತ್ರಚಿಕಿತ್ಸೆಯ ಮೊದಲು ನಿದ್ದೆಯಲ್ಲಿ ಉಸಿರಿನ ಪರೀಕ್ಷೆ ಬೇಕೇ ಎಂದು ಅವರು ಯೋಚಿಸುತ್ತಾರೆ, ಬೇಕಾದರೆ ಕೆಲವು ತಿಂಗಳು ಮುಂದೂಡುತ್ತಾರೆ, ಮಾಡಿದ ಮೇಲೆ ವಾರ್ಡಿಗೆ ಕಳುಹಿಸದೆ ಆ ರಾತ್ರಿಯನ್ನು ನಿಗಾ ಘಟಕದಲ್ಲಿಯೇ ಕಳೆಯುವಂತೆ ಏರ್ಪಾಡು ಮಾಡುತ್ತಾರೆ.